ಮೂರು ಗೆರೆಯ ನಾನ್‌ಖಟಾಯಿ

ಕುರ್ಲಾ,
೧೨ ಜೂನ್ ೨೦೨೫

ಮಗಳು ಶೀತಲ್‌ಗೆ, ನಿನ್ನಪ್ಪ ಗುರಲಿಂಗಪ್ಪ ಬರೆಯುವುದು.

ಐ ಆಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ದಿ ಸೇಮ್ ಫ್ರಮ್ ಯೂ. ವಿಜಯಪುರದ ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದರಲ್ಲಿ ಉಳಿದಿರುವುದು ಇಂಥ ಐದಾರು ಸಾಲು. ಬಾಕಿಯದೆಲ್ಲ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಮೂವತ್ತೆರಡು ವರ್ಷ ರಸೀದಿ ಬರೆಯುವಾಗ ಉದುರಿಹೋಯಿತು. ಹೋಗಲಿ.

ನಿನ್ನ ಫೋನಿಗೆ ನನ್ನ ನಂಬರು ಹತ್ತುವುದಿಲ್ಲ. ಬ್ಲಾಕ್ ಅನ್ನುತ್ತಾರಂತೆ ಅದಕ್ಕೆ. ಅಳಿಯ ಕಾಶಿನಾಥನಿಗೆ ಮಾಡಿದರೆ, "ಮಾವಾರ, ಆಕೀ ಮುಂದ ನಿಮ್ಮ ಹೆಸರ ತಗೀಲಾಕ ಬರಂಗಿಲ್ರಿ, ತಿಳಕೋರಿ," ಎಂದು ಸಣ್ಣ ದನಿಯಲ್ಲಿ ಹೇಳಿ ಇಟ್ಟುಬಿಡುತ್ತಾನೆ. ಕುರ್ಲಾದಿಂದ ನಾಲಾಸೋಪಾರಾಕ್ಕೆ ದಾದರ್‌ನಲ್ಲಿ ಲೋಕಲ್ ಬದಲಿಸಿದರೆ ಒಂದೂವರೆ ತಾಸು. ಆದರೂ ಪತ್ರ ಬರೆಯುತ್ತಿದ್ದೇನೆ. ನನ್ನ ಬಾಗಿಲಿಗೆ ಬರಬೇಡಿ ಎಂದು ನೀನು ದವಾಖಾನೆಯ ಕಾರಿಡಾರಿನಲ್ಲಿ ಹೇಳಿದ್ದು ಕಿವಿಯಿಂದ ಹೋಗಿಲ್ಲ. ನಿನ್ನವ್ವ ಹೋಗಿ ಎಂಟು ತಿಂಗಳಾಗುತ್ತ ಬಂತು.

ಈಗ ಮುಖ್ಯ ವಿಷಯ. ನಮ್ಮ ಗಲ್ಲಿಯ ಮೂಲೆಯ ಬೇಕರಿ ಭಟ್ಟಿ ಬಂದ್ ಆಗುತ್ತದೆ. ಊರಲ್ಲಿ ಎಲ್ಲೂ ಕಟ್ಟಿಗೆ ಸುಡಬಾರದು, ಗ್ಯಾಸ್ ಹಾಕಿಸಿ ಅಥವಾ ಕರೆಂಟ್ ಹಾಕಿಸಿ ಎಂದು ಆರ್ಡರ್ ಆಗಿದೆಯಂತೆ. ಭಟ್ಟಿಯ ಮುಸ್ತಕೀಮ್ ಚಾಚಾ ಸಿಕ್ಕಿದ್ದರು. "ಕ್ಯಾ ಕರೂಂ ಮಾಸ್ತರ್, ಅಬ್ಬಾ ಕೀ ಭಟ್ಟಿ ಹೈ," ಎಂದು ಅವರಪ್ಪ ಕಟ್ಟಿಸಿದ ಗೋಡೆ ಮುಟ್ಟಿ ತೋರಿಸಿದರು, ದನದ ಮೈ ಸವರುವಂತೆ. ನಾನು ಮಾಸ್ತರನಲ್ಲ ಎಂದು ನಲವತ್ತು ವರ್ಷದಿಂದ ಹೇಳುತ್ತಿದ್ದೇನೆ.

ನಿನಗೆ ನೆನಪಿದೆಯಲ್ಲ, ದೀವಾಳಿಗೆ ಎಂಟು ದಿನ ಇರುವಾಗ ಆ ಭಟ್ಟಿಯ ಮುಂದೆ ನಮ್ಮ ಚಾಳಿನ ಹೆಂಗಸರೆಲ್ಲ ಗೋಣಿತಟ್ಟು ಹಾಸಿ ಕೂರುತ್ತಿದ್ದದ್ದು. ಮನೆಯಿಂದ ಮೈದಾ, ರವೆ, ಪಿಠಿಸಕ್ಕರೆ, ತುಪ್ಪ ಒಯ್ಯಬೇಕು. ಭಟ್ಟಿಯವರು ಕರೀ ತಟ್ಟೆಯನ್ನೂ ನಂಬರಿನ ಚೀಟಿಯನ್ನೂ ಕೊಡಬೇಕು. ಅಲ್ಲೇ ಕಲೆಸಿ, ನಾನ್‌ಖಟಾಯಿಯ ಉಂಡೆ ಕಟ್ಟಿ, ತಟ್ಟೆ ತುಂಬಿ, ನಂಬರ್ ಬಂದಾಗ ಒಳಗೆ ಕೊಡಬೇಕು. ಭಟ್ಟಿಯ ಒಂದೇ ಹೊಟ್ಟೆಯೊಳಗೆ ಇಪ್ಪತ್ತು ಮನೆಯ ತಟ್ಟೆ ಬೇಯುವುದರಿಂದ ಪ್ರತಿ ಮನೆಗೂ ಒಂದು ಗುರುತು. ಒಬ್ಬರು ಚಾರೋಳಿ ಬೀಜ ಒತ್ತುವರು, ಇನ್ನೊಬ್ಬರು ಬಾಟಲಿಯ ಮುಚ್ಚಳ ಒತ್ತುವರು. ನಿನ್ನವ್ವನದು ಮೂರು ಗೆರೆ. ರೈಲ್ವೆ ಕ್ಯಾಂಟೀನಿನವರು ಒಂದು ಹಲ್ಲು ಮುರಿದಿದೆ ಎಂದು ಎಸೆದ ಫೋರ್ಕನ್ನು ನಾನು ತಂದುಕೊಟ್ಟಿದ್ದೆ. ಉಳಿದ ಮೂರು ಹಲ್ಲಿನಿಂದ ಎಳೆದಳೆಂದರೆ ಥೇಟ್ ಹಣೆಯ ಮೇಲಿನ ವಿಭೂತಿ. "ಸ್ವಾಮ್ಯಾರ ಬಿಸ್ಕೀಟ್ ಬಂದ್ವು ನೋಡ್ರೆವ್ವಾ," ಎಂದು ಪಕ್ಕದ ಖೋಲಿಯ ರಾಚವ್ವ ಚೇಷ್ಟೆ ಮಾಡುವಳು. ನಿನ್ನ ಮಗಳು ಸ್ನೇಹಲ್ ಆ ಗೆರೆಗಳ ಉದ್ದಕ್ಕೇ ಮುರಿದು ತಿನ್ನುತ್ತಿತ್ತು. ಈಗ ಶಾಲೆಯಲ್ಲಿ ಮೂರನೆಯ ಇಯತ್ತೆಯೋ ನಾಲ್ಕನೆಯ ಇಯತ್ತೆಯೋ?

ಕಡೆಯ ದಿನವೂ ನಿನ್ನವ್ವ ನಗುನಗುತ್ತಲೇ ಇದ್ದಳು, ಇದನ್ನು ನೀನು ತಿಳಿಯಬೇಕು. ಗೆರೆ ಎಳೆಯುವಾಗ ನಾನು, "ಏ ಮಾದೇವೀ, ಇವತ್ತ ನಿನ್ನ ಸ್ವಾಮ್ಯಾರು ಕುಡದ ಬಂದಾರೇನ? ವಿಭೂತಿ ಸೊಟ್ಟ ಆಗ್ಯಾವ," ಅಂದೆ. ಬಿದ್ದುಬಿದ್ದು ನಕ್ಕಳು. ಎ ವೆರಿ ಹ್ಯಾಪಿ ಡಿಸ್ಪೊಸಿಷನ್.

ಅಂದಿನ ನಾನ್‌ಖಟಾಯಿಯ ಎರಡು ಡಬ್ಬಿ ಅಟ್ಟದ ಮೇಲಿವೆ. ತೆಗೆದಿಲ್ಲ. ಆ ದಿನ ಆಕೆಯನ್ನು ದವಾಖಾನೆಗೆ ಒಯ್ದಾಗ ನಾನು ತಟ್ಟೆಗಳಿಗಾಗಿ ಹಿಂದೆ ಉಳಿದದ್ದು ನನ್ನ ಮನಸ್ಸಿನಿಂದಲ್ಲ, ಆಕೆಯೇ ಉಳಿ ಎಂದಳು ಎಂದು ಅಂದೇ ಹೇಳಿದ್ದೇನೆ, ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್ ಬಿಲೀಫ್. ಅಕ್ಟೋಬರ್ ಹದಿನಾರಕ್ಕೆ ವರ್ಷದ ಕಾರ್ಯ ಬರುತ್ತದೆ. ಮಗಳಿಲ್ಲದೆ ಎಡೆ ಹೇಗೆ ಹಿಡಿಯಲಿ? ನೀನು ಬರಬೇಕು. ಇಷ್ಟೇ ಬರೆಯಬೇಕೆಂದು ಕೂತದ್ದು, ಇಷ್ಟುದ್ದ ಆಯಿತು.

ನಿನ್ನ ಹಿತವನ್ನೇ ಬಯಸುವ,
ಅಪ್ಪ


ನಾಲಾಸೋಪಾರಾ,
೩ ಜುಲೈ ೨೦೨೫

ಅಪ್ಪಾ,

ಪತ್ರ ಮುಟ್ಟಿತು. ಮುನ್ಸಿಪಾಲಿಟಿ ಶಾಲೆಯ ಏಳನೆಯ ಇಯತ್ತೆಯ ನಂತರ ನಾನು ಕನ್ನಡ ಬರೆದಿಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ.

ನನಗೆ ಭಟ್ಟಿಯ ಸುದ್ದಿ ಬೇಡ. ಅಂದು ಎಮರ್ಜೆನ್ಸಿ ವಾರ್ಡಿನ ಹೊರಗೆ ನೀವು ಬಂದಾಗ ನಿಮ್ಮ ಎರಡೂ ಕೈಯಲ್ಲಿ ಡಬ್ಬಿ ಇದ್ದವು. ಅವ್ವ ಹೋಗಿ ಹತ್ತು ನಿಮಿಷ ಆಗಿತ್ತು. ನೀವು ಮೊದಲು ಡಬ್ಬಿಗಳನ್ನು ಬೆಂಚಿನ ಮೇಲೆ ಇಟ್ಟಿರಿ, ಮುಚ್ಚಳ ಸರಿ ಇದೆಯೇ ಎಂದು ಒತ್ತಿ ನೋಡಿದಿರಿ, ಆಮೇಲೆ ನನ್ನನ್ನು ಕೇಳಿದಿರಿ, "ಹ್ಯಾಂಗ ಅದಾಳ?"

ಅವಳು ರಿಕ್ಷಾ ಹತ್ತುವಾಗ ನಿಮಗೆ ಏನು ಹೇಳಿದಳು? ಅವಳ ಬಾಯಿಂದ ಬಂದದ್ದು ಬಂದಹಾಗೆ ಬರೆಯಿರಿ. ಬೇರೇನೂ ಬರೆಯಬೇಡಿ. ಅದರ ಮೇಲೆ ನಾನು ಬರುವುದು ಬಿಡುವುದು ನೋಡುತ್ತೇನೆ.

ಸ್ನೇಹಲ್ ನಾಲ್ಕನೆಯ ಇಯತ್ತೆ.

ಶೀತಲ್


ಕುರ್ಲಾ,
೨೦ ಜುಲೈ ೨೦೨೫

ಶೀತಲ್‌ಗೆ, ಅಪ್ಪನಿಂದ.

ನಿನ್ನ ಅಕ್ಷರ ನೋಡಿ ಸಂತೋಷವಾಯಿತು. ಒಂದೂ ತಪ್ಪಿಲ್ಲ. ಆ ಶಾಲೆಯಲ್ಲಿ ಈಗ ಕನ್ನಡದ ಮಕ್ಕಳು ಒಂದು ಬೆಂಚಿನಷ್ಟೂ ಇಲ್ಲವಂತೆ, ಮುಂದಿನ ವರ್ಷಕ್ಕೆ ಬಾಗಿಲು ಹಾಕಿದರೂ ಆಶ್ಚರ್ಯವಿಲ್ಲ.

ಇಲ್ಲಿ ಮಳೆ ಹಿಡಿದುಕೊಂಡಿದೆ. ಹಿಂದಿನ ಗೋಡೆ ತೇವ ಕುಡಿದು ಉಬ್ಬಿದೆ, ಡಬ್ಬಿಗಳನ್ನು ಅಟ್ಟದಿಂದ ಇಳಿಸಿ ಕಪಾಟಿನಲ್ಲಿಟ್ಟೆ. ರಾಚವ್ವ ಇಂಡಿಗೆ ಮಗನ ಹತ್ತಿರ ಹೋದವಳು ಇನ್ನೂ ಬಂದಿಲ್ಲ, ಅವಳ ಖೋಲಿಗೆ ಬೀಗ. ಮೊನ್ನೆ ನಾನೇ ಒಂದು ಎಕ್ಸ್‌ಪೆರಿಮೆಂಟ್ ಮಾಡಿದೆ. ಕುಕ್ಕರಿನ ತಳಕ್ಕೆ ಮರಳು ಹಾಕಿ, ಸೀಟಿ ತೆಗೆದು, ಮೇಲೆ ತಟ್ಟೆ ಇಟ್ಟು ನಾಲ್ಕು ನಾನ್‌ಖಟಾಯಿ ಮಾಡಿದೆ. ನಿನ್ನವ್ವ ಮೈದಾದ ಜೊತೆಗೆ ಒಂದು ಹಿಡಿ ಹುರಿದ ಕಡ್ಲೀ ಹಿಟ್ಟು ಹಾಕುತ್ತಿದ್ದಳು, ಅದು ನೆನಪಿತ್ತು. ಒಂದು ಹಿಡಿ ಎಂದರೆ ಅವಳ ಹಿಡಿಯೋ ನನ್ನ ಹಿಡಿಯೋ ಎಂಬುದು ಗೊತ್ತಿರಲಿಲ್ಲ. ತಳ ಸೀದವು, ಮೇಲೆ ಹಸಿ. ಬಾಯಿಗೆ ಹಾಕಿದರೆ ಸುಣ್ಣದ ಹಾಗೆ.

ನೀನು ಕೇಳಿದ ಪ್ರಶ್ನೆ. ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಆಫ್ ದಿ ಥರ್ಡ್, ಹೇಳುವುದೇನೆಂದರೆ, ಅಲ್ಲಿ ಬಹಳ ಗದ್ದಲವಿತ್ತು. ಶನಿವಾರ ಮಧ್ಯಾಹ್ನ, ದೀವಾಳಿಯ ಸಂತೆ, ಹಿಂದೆ ಟೆಂಪೋದವನು ಹಾರ್ನ್ ಬಾರಿಸುತ್ತಿದ್ದ. ಆಕೆ ರಾಚವ್ವನ ಹೆಗಲು ಹಿಡಿದು ರಿಕ್ಷಾ ಹತ್ತಿದಳು. ಹತ್ತುವಾಗ ಹೊರಳಿ, "ತಟ್ಟಿ ನೋಡಕೊಂಡ ಬರ್ರಿ," ಅಂದಳು. ನಿನಗೆ ಗೊತ್ತಲ್ಲ, ಅವಳಿಗೆ ಅನ್ನ ಪದಾರ್ಥ ಕೆಡಿಸುವುದು ಆಗುತ್ತಿರಲಿಲ್ಲ. ಸೋ ಟು ಸೇ, ಅದು ಅವಳ ಲಾಸ್ಟ್ ವಿಶ್. ನಾನು ಅದನ್ನು ನಡೆಸಿಕೊಟ್ಟೆ. ಅದರಲ್ಲಿ ಅಪರಾಧವಿದ್ದರೆ ನೀನೇ ಹೇಳು.

ಹದಿನಾರಕ್ಕೆ ಜಂಗಮರಿಗೆ ಹೇಳಿದ್ದೇನೆ. ಸಯನ್‌ನಿಂದ ಬರುತ್ತಾರೆ.

ನಿನ್ನ ಉತ್ತರದ ದಾರಿ ನೋಡುವ,
ಅಪ್ಪ


ಕುರ್ಲಾ,
೨೪ ಆಗಸ್ಟ್ ೨೦೨೫

ಶೀತಲ್‌ಗೆ,

ಒಂದು ತಿಂಗಳಾಯಿತು, ಉತ್ತರವಿಲ್ಲ. ಪೋಸ್ಟಿನಲ್ಲಿ ಕಳೆದಿರಬೇಕು ಅಂದುಕೊಂಡೆ. ಪಾರ್ಸಲ್ ಆಫೀಸಿನಲ್ಲಿ ಇದ್ದವನಿಗೆ, ಎಲ್ಲವೂ ಹಾಗೆ ಕಳೆಯುವುದಿಲ್ಲ ಎಂಬುದೂ ಗೊತ್ತು.

ಭಟ್ಟಿಯ ಚಿಮಣಿ ಇಳಿಸಿದರು. ಮುಸ್ತಕೀಮ್ ಚಾಚಾ ಅಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿದ್ದರು. ನನ್ನನ್ನು ಕಂಡು ಹತ್ತಿರ ಕರೆದರು. "ತೀನ್ ಲಕೀರ್‌ವಾಲೀ ಭಾಭೀ ಕಾ ಮೈಂ ಸೋಚತಾ ಹೂಂ, ಮಾಸ್ತರ್. ಉಸ್ ದಿನ್ ಆಪ್ ಕ್ಯೂಂ ರುಕ್ ಗಯೇ ಥೇ? ಥಾಲೀ ತೋ ಮೈಂ ಸಂಭಾಲ್ ಲೇತಾ," ಎಂದರು. ನಿನ್ನವ್ವನ ನೆನಪಾಗುತ್ತದಂತೆ, ನಾನು ಅಂದು ಯಾಕೆ ಹಿಂದೆ ಉಳಿದೆ, ತಟ್ಟೆ ಅವರೇ ನೋಡಿಕೊಳ್ಳುತ್ತಿದ್ದರಲ್ಲ ಅಂತ. ಸಿಟ್ಟಿಲ್ಲದೆ ಕೇಳಿದರು, ಸುಮ್ಮನೆ ಗೊತ್ತಾಗದೆ ಕೇಳುವ ಹಾಗೆ.

ಅವರು ತರಿಸಿದ ಚಹಾ ಕುಡಿಯದೆ ಬಂದೆ.

ಅಪ್ಪ


ಕುರ್ಲಾ,
೧೪ ಸೆಪ್ಟೆಂಬರ್ ೨೦೨೫

ಶೀತಲ್,

ಜುಲೈ ಪತ್ರದಲ್ಲಿ ಬರೆದದ್ದು ಸುಳ್ಳು. ದವಾಖಾನೆಯಲ್ಲಿ ಹೇಳಿದ್ದೂ ಸುಳ್ಳು. ಮಣ್ಣಿಗೆ ಬಂದವರ ಮುಂದೆಲ್ಲ ಹೇಳಿದ್ದೂ ಅದೇ. ಹೇಳಿ ಹೇಳಿ ನನಗೇ ನಿಜವೆನ್ನಿಸುವಷ್ಟು ಆಗಿತ್ತು.

ನಮ್ಮ ನಂಬರು ಇಪ್ಪತ್ಮೂರು. ಎರಡು ತಟ್ಟೆ, ಒಂದಕ್ಕೆ ನಲವತ್ತು. ಮೊದಲನೆಯದು ಒಳಗೆ ಹೋಗಿತ್ತು. ಎರಡನೆಯ ತಟ್ಟೆಗೆ ಗೆರೆ ಎಳೆಯುತ್ತಿದ್ದಳು. ಫೋರ್ಕು ಕೈಯಿಂದ ಬಿತ್ತು. ಎಡ ಹೆಗಲು ಹಿಡಿದುಕೊಂಡಳು. ಮೈ ತುಂಬ ಬೆವರು. ಭಟ್ಟಿಯ ಮುಂದೆ ಯಾರು ಬೆವರುವುದಿಲ್ಲ ಎಂದುಕೊಂಡೆ. ರಾಚವ್ವನೇ ಎದ್ದು ಬಂದು, "ಅಯ್ಯ ಯಪ್ಪಾ, ಇಕೀ ಮಾರಿ ಸುಣ್ಣದಂಗ ಆಗೇದ, ದವಾಖಾನಿಗಿ ನಡೀರಿ ಮದಲ," ಎಂದು ರಿಕ್ಷಾ ನಿಲ್ಲಿಸಿದಳು.

ಹತ್ತುವಾಗ ನಿನ್ನವ್ವ ಹೊರಳಿ ನನ್ನ ಅಂಗಿಯ ತೋಳು ಹಿಡಿದಳು. "ನೀವೂ ಬರ್ರಿ. ನನಗ ಅಂಜಿಕಿ ಬರಲಕತ್ತದ," ಅಂದಳು.

ನಲವತ್ತೆರಡು ವರ್ಷದಲ್ಲಿ ಆಕೆ ಅಂಜಿಕೆ ಎಂಬ ಮಾತು ಆಡಿದ್ದು ನಾನು ಕೇಳಿಲ್ಲ. ನಾನು ತೋಳು ಬಿಡಿಸಿಕೊಂಡು, "ನಂಬರ್ ಹೋಗ್ತದ. ನೀ ನಡಿ, ನಾ ಹಿಂದಿಂದ ಬಂದೆ," ಅಂದೆ. ಇದು ಬಂದದ್ದು ಬಂದಹಾಗೆ.

ರಿಕ್ಷಾ ಹೋಯಿತು. ನಾನು ಕೂತೆ. ಫೋರ್ಕು ಎತ್ತಿ ಧೋತರದ ಚುಂಗಿಗೆ ಒರೆಸಿ, ಉಳಿದ ಹನ್ನೆರಡು ಬಿಸ್ಕೀಟಿಗೆ ನಾನೇ ಗೆರೆ ಎಳೆದೆ. ಸೊಟ್ಟ ಬಂದವು. ತಟ್ಟೆ ಕೊಟ್ಟೆ. ಬೇಯುವತನಕ ನಿಂತೆ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಬೆವೆತು ಮೆತ್ತಗಾಗುತ್ತವೆ ಎಂದು ಆರುವತನಕವೂ ನಿಂತೆ. ನಡುವೆ ರಾಚವ್ವನ ಫೋನು ಎರಡು ಸಲ ಬಂತು, ಎತ್ತಲಿಲ್ಲ.

ಯಾಕೆ ಎಂದರೆ, ನನಗೂ ಅಂಜಿಕೆ ಬಂದಿತ್ತು. ಎಲ್ಲಿಯತನಕ ನಾನು ಸಾಲಿನಲ್ಲಿದ್ದೇನೋ ಅಲ್ಲಿಯತನಕ ಅದು ದೀವಾಳಿಗೆ ಮುಂಚಿನ ಒಂದು ಶನಿವಾರ, ಅಷ್ಟೇ. ಸಾಲು ಬಿಟ್ಟರೆ ಬೇರೆ ಏನೋ ಶುರುವಾಗುತ್ತದೆ. ನಮ್ಮ ಪ್ರೊಫೆಸರರು ಇಂಥದಕ್ಕೆ ಇಂಗ್ಲಿಷಿನಲ್ಲಿ ಒಂದು ಶಬ್ದ ಹೇಳುತ್ತಿದ್ದರು, ಎರಡು ದಿನದಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಎರಡೂ ಡಬ್ಬಿ ಪಾರ್ಸಲ್ ಮಾಡಿದ್ದೇನೆ. ಒಡೆಯದ ಹಾಗೆ ಸಂದಿಯಲ್ಲಿ ಪೇಪರ್ ತುಂಬಿದ್ದೇನೆ, ಆ ಕೆಲಸ ಇನ್ನೂ ಬರುತ್ತದೆ. ತಿನ್ನಲು ಕಳಿಸಿದ್ದಲ್ಲ, ತುಪ್ಪ ಕಮಟಾಗಿರುತ್ತದೆ. ಅದರಲ್ಲಿ ನನ್ನವು ಹನ್ನೆರಡು ಬಿಟ್ಟರೆ ಉಳಿದದ್ದೆಲ್ಲ ಅವಳ ಕೈಯವು. ಅವು ನನ್ನ ಮನೆಯಲ್ಲಿ ಇರುವುದು ಸರಿಯಲ್ಲ.

ಅಪ್ಪ


ನಾಲಾಸೋಪಾರಾ,
೨೮ ಸೆಪ್ಟೆಂಬರ್ ೨೦೨೫

ಅಪ್ಪಾ,

ಪತ್ರ ಬಂತು. ಎರಡು ದಿನ ಬಿಟ್ಟು ಡಬ್ಬಿ ಬಂದವು.

ಅವ್ವ ನಿಮಗೆ ಏನು ಹೇಳಿದಳೆಂಬುದು ನನಗೆ ಮೊದಲೇ ಗೊತ್ತಿತ್ತು. ಮಣ್ಣು ಕೊಟ್ಟ ಮೂರನೆಯ ದಿನ ರಾಚವ್ವ ಕಾಕಿ ನನ್ನನ್ನು ನಲ್ಲಿಯ ಹತ್ತಿರ ಕರೆದು ಹೇಳಿದ್ದಳು. "ನಿಮ್ಮಪ್ಪಗ ಅನ್ನಬ್ಯಾಡ ತಂಗೀ, ಮುದುಕಾ ಒಡದ ಹೋಗ್ತಾನ," ಅಂದಿದ್ದಳು. ನಾನು ಅನ್ನಲಿಲ್ಲ. ಹನ್ನೊಂದು ತಿಂಗಳು ನೀವು ಹೇಳುತ್ತೀರೋ ಇಲ್ಲವೋ ಎಂದು ಕಾದೆ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವ್ವ ಹಿಂದೆ ನೋಡುತ್ತಿದ್ದಳಂತೆ. ನೀವು ಬೇರೆ ರಿಕ್ಷಾ ಹಿಡಿದು ಬರುತ್ತಿರಬೇಕು ಎಂದು. ವಾರ್ಡಿನಲ್ಲಿ ನನ್ನನ್ನೂ ಕೇಳಿದಳು, "ನಿಮ್ಮಪ್ಪ ಗಾಡಿ ಇಳದ್ರೇನು?" ಇಳಿದರು, ಹೊರಗೆ ದವಾಖಾನೆಯ ಫಾರ್ಮ್ ತುಂಬುತ್ತಿದ್ದಾರೆ ಎಂದು ನಾನು ಸುಳ್ಳು ಹೇಳಿದೆ. ನಮ್ಮ ಮನೆಯಲ್ಲಿ ಆ ದಿನ ಸುಳ್ಳು ಹೇಳಿದವರು ನೀವೊಬ್ಬರೇ ಅಲ್ಲ.

ಸ್ನೇಹಲ್ ಶಾಲೆಗೆ ಹೋದಮೇಲೆ ಡಬ್ಬಿ ತೆಗೆದೆ. ನೀವು ಹೇಳಿದ ವಾಸನೆಯೇ. ನೆಲದ ಮೇಲೆ ಪೇಪರ್ ಹಾಸಿ ಎಲ್ಲವನ್ನೂ ಹರಡಿದೆ. ಎಂಬತ್ತು ಇದ್ದವು, ಒಂದೂ ಒಡೆದಿಲ್ಲ. ನಿಮ್ಮವು ಹನ್ನೆರಡನ್ನು ಬೇರೆ ಮಾಡಿ ಅವ್ವನವನ್ನು ಇಟ್ಟುಕೊಳ್ಳಬೇಕು ಅಂದುಕೊಂಡೆ. ಸೊಟ್ಟ ಗೆರೆಯವನ್ನು ಒಂದು ಕಡೆ ಇಡುತ್ತ ಹೋದೆ.

ಮೂವತ್ತೊಂಬತ್ತು ಆದವು.

ಮತ್ತೆ ಎಣಿಸಿದೆ. ಅಷ್ಟೇ. ಮೊದಲ ತಟ್ಟೆಯವೆಂದು ಕಾಣುವ ನಲವತ್ತರ ಗೆರೆಗಳು ಹಗ್ಗ ಹಿಡಿದು ಎಳೆದಹಾಗಿವೆ. ಎರಡನೆಯ ತಟ್ಟೆಯಲ್ಲಿ ನೆಟ್ಟಗಿರುವುದು ಒಂದೇ ಒಂದು. ನಿಮ್ಮವು ಹನ್ನೆರಡು. ಉಳಿದ ಇಪ್ಪತ್ತೇಳು ಯಾರವು? ಇಪ್ಪತ್ತೇಳು ಬಿಸ್ಕೀಟಿಗೆ ಗೆರೆ ಎಳೆಯುವಷ್ಟು ಹೊತ್ತು ಅವ್ವನ ಕೈ ನಡುಗಿದೆ. ಫೋರ್ಕು ಬೀಳುವುದಕ್ಕೂ ಮೊದಲು. ನೀವು ಪಕ್ಕದಲ್ಲೇ ಕೂತಿದ್ದಿರಿ.

ನಿಮ್ಮ ಜೂನ್ ಪತ್ರ ತೆಗೆದು ಮತ್ತೆ ಓದಿದೆ. ಸ್ವಾಮ್ಯಾರು ಕುಡಿದು ಬಂದಾರೇನು ಎಂದು ಚೇಷ್ಟೆ ಮಾಡಿದಿರಿ, ಅವ್ವ ಬಿದ್ದುಬಿದ್ದು ನಕ್ಕಳು ಎಂದು ಬರೆದಿದ್ದೀರಿ. ಅದರ ಹಿಂದೆಯೇ ಇಂಗ್ಲಿಷ್. ನಿಮಗೆ ಸುಳ್ಳು ಹೇಳುವಾಗಲೇ ಇಂಗ್ಲಿಷ್ ಬರುತ್ತದೆ ಎಂದು ಅವ್ವ ಅನ್ನುತ್ತಿದ್ದಳು. "ನಿಮ್ಮಪ್ಪ ಇಂಗ್ಲೀಸ್ ಸುರು ಮಾಡಿದ ಅಂದ್ರ ಕಿಸೆ ನೋಡಬೇಕು ಬೇ," ಅಂತ.

ಅವಳು ನಕ್ಕಳೇ?

ಶೀತಲ್


ಕುರ್ಲಾ,
೫ ಅಕ್ಟೋಬರ್ ೨೦೨೫

ಶೀತಲ್,

ನಗಲಿಲ್ಲ.

ಕೈ ಎತ್ತಿ ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. "ಕೈ ನನ್ನ ಮಾತ ಕೇಳವಲ್ದರೀ," ಅಂದಳು. "ಹೊಟ್ಟಿ ಹಸದಿರಬೇಕ, ಚಾ ತರತೀನಿ ತಡಿ," ಎಂದು ನಾನು ಎದ್ದು ಹೋದೆ. ಚಹಾದ ಅಂಗಡಿಯಲ್ಲಿ ಪರಿಚಯದವರು ಸಿಕ್ಕರು, ಮಾತಾಡುತ್ತ ನಿಂತೆ. ತಿರುಗಿ ಬಂದಾಗ ಇನ್ನೂ ಎಳೆಯುತ್ತಿದ್ದಳು. ಗೆರೆ ಇನ್ನೂ ಸೊಟ್ಟ ಇದ್ದವು. ಆಗಲೂ ನೋಡಿದೆ. ನಂಬರ್ ಹತ್ತಿರ ಬಂತು, ಲಗು ಲಗು ಮಾಡು ಎಂದೆ. ಚಹಾ ಅವಳು ಮುಟ್ಟಲಿಲ್ಲ, ನಾನೇ ಕುಡಿದೆ.

ಇದಾದಮೇಲೆ ಹೇಳುವುದು ನನ್ನ ಹತ್ತಿರ ಉಳಿದಿಲ್ಲ.

ಹದಿನಾರಕ್ಕೆ ಕಾರ್ಯ ಮಾಡುತ್ತೇನೆ. ನೀನು ಬಾ ಎಂದು ಇನ್ನು ಕೇಳುವುದಿಲ್ಲ.

ಗುರಲಿಂಗಪ್ಪ


ನಾಲಾಸೋಪಾರಾ,
೧೦ ಅಕ್ಟೋಬರ್ ೨೦೨೫

ಅಪ್ಪಾ,

ಹದಿನಾರಕ್ಕೆ ನಾನು ಬರುವುದಿಲ್ಲ. ಎಂಬತ್ತು ಬಿಸ್ಕೀಟನ್ನೂ ಸಮುದ್ರದ ಖಾಡಿಯ ನೀರಿಗೆ ಬಿಟ್ಟೆ, ಅವ್ವನವು ನಿಮ್ಮವು ಎಂದು ಬೇರೆ ಮಾಡಲಿಲ್ಲ.

ಹತ್ತೊಂಬತ್ತಕ್ಕೆ, ಭಾನುವಾರ ಬರ್ರಿ. ಸ್ನೇಹಲ್ ಕೇಳುತ್ತಾಳೆ. ಅವಳ ಮುಂದೆ ಇದು ಯಾವುದೂ ಬೇಡ. ಊಟ ಮಾಡಿಕೊಂಡು ಬರ್ರಿ.

ಶೀತಲ್